ಹನ್ನೊಂದು ಗಂಟೆಯ ಜಗಳ

ಅಪ್ಪ ನನ್ನ ಮಾತಿಗೆ ಒಪ್ಪಿದ್ದು ಮಂಗಳವಾರ ಬೆಳಗ್ಗೆ ಹನ್ನೊಂದು ಹತ್ತಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಏಕೆಂದರೆ ಅವನು ಒಪ್ಪಿದ ಕೂಡಲೇ ಒಳಗೆ ಓಡಿಹೋಗಿ ಡೈರಿಯಲ್ಲಿ ಬರೆದುಕೊಂಡೆ. ಅಪ್ಪ ಒಪ್ಪುವುದೆಂದರೆ ನಮ್ಮ ಮನೆಯಲ್ಲಿ ಸಣ್ಣ ವಿಷಯವಲ್ಲ. ಹೊರಗೆ ಬಿಸಿಲು ಅಂದರೆ ಸಾಕು, ಬಾಗಿಲಿನಿಂದ ತಲೆ ಹೊರಗೆ ಹಾಕಿ ನೋಡಿ, "ಬಿಸಿಲೇನು ಬಂತು, ಬರೀ ಬೆಳಕು" ಅನ್ನುವ ಮನುಷ್ಯ.

ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಕನ್ನಡಕದ ಅಂಗಡಿ. ಬೀದಿಗೆ ಗಾಜಿನ ಬಾಗಿಲು, ಗೋಡೆಯ ಮೇಲೆ ಕೆಳಗಿಳಿದಂತೆ ಚಿಕ್ಕದಾಗುವ ಅಕ್ಷರಗಳ ಹಲಗೆ, ಕೌಂಟರಿನ ಹಿಂದೆ ಸಾಣೆಯ ಯಂತ್ರ. ಹನಿಹನಿಯಾಗಿ ನೀರು ಬೀಳುವ ಆ ಚಕ್ರಕ್ಕೆ ದುಂಡು ಗಾಜನ್ನು ಒಡ್ಡಿ, ತಿರುಗಿಸುತ್ತ ತಿರುಗಿಸುತ್ತ ಫ್ರೇಮಿನ ಅಳತೆಗೆ ತರುವುದು ಅವನ ಕೆಲಸ. ಅಂಚು ನಯವಾಯಿತೋ ಇಲ್ಲವೋ ಎಂದು ಅವನು ಕಣ್ಣಿನಿಂದ ನೋಡುವುದೇ ಇಲ್ಲ, ಬೆರಳ ತುದಿಯಿಂದ ಸವರಿ ತಿಳಿದುಕೊಳ್ಳುತ್ತಾನೆ. ಎಲ್ಲವನ್ನೂ ಯಂತ್ರವೇ ಮಾಡಿ ಕೊಡುವ ಅಂಗಡಿಗಳು ನಮ್ಮ ರಸ್ತೆಯಲ್ಲೇ ನಾಲ್ಕಾಗಿವೆ. "ಅವರು ಕನ್ನಡಕ ಮಾರ್ತಾರೆ. ನಾನು ಮೂಗಿನ ಮೇಲೆ ಕೂರಿಸ್ತೀನಿ," ಅನ್ನುತ್ತಾನೆ.

ನಾನು ಕೇಳಿದ್ದು ನನ್ನ ಕೆಲಸದ ವಿಷಯ. ಡಿಗ್ರಿ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತ ಮೇಲೆ, ರೈಲಿನಲ್ಲಿ ಒಂದು ಹಗಲಿನ ದೂರದ ಊರಿನಿಂದ ಕರೆ ಬಂದಿತ್ತು, ಅಂಕಿಅಂಶಗಳ ಕಚೇರಿಯಲ್ಲಿ. ಶನಿವಾರದೊಳಗೆ ಹೂಂ ಅಥವಾ ಉಹುಂ ಹೇಳಬೇಕು. ಹತ್ತು ದಿನದಿಂದ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕೌಂಟರಿನವರೆಗೆ ಹೋಗಿ ವಾಪಸು ಬರುತ್ತಿದ್ದೆ. ನನ್ನ ದನಿ ನನಗೇ ಕೇಳಿಸುವುದು ಕಷ್ಟ. ಅಪ್ಪ ನನ್ನನ್ನು ಕರೆಯುವುದೇ 'ಗುಸುಗುಸು' ಎಂದು.

ಆವತ್ತು ಅವನು ಸಾಣೆಯ ಮುಂದೆ ಕೂತಿದ್ದ. ಮುಖ ಶಾಂತವಾಗಿತ್ತು. ಧೈರ್ಯ ಬಂತು.

"ಅಪ್ಪಾ, ಆ ಕೆಲಸಕ್ಕೆ ನಾನು ಹೋಗ್ಲಾ?"

"ಹೋಗು ಪುಟ್ಟಾ."

"ನಿಜವಾಗ್ಲೂ?"

"ನೀನು ಹೇಳಿದ್ಮೇಲೆ ಸರಿಯಾಗೇ ಇರತ್ತೆ."

ನನಗೆ ಹತ್ತು ವರ್ಷವಾದ ಮೇಲೆ ಅವನು ನನ್ನನ್ನು ಪುಟ್ಟ ಎಂದು ಕರೆದಿರಲಿಲ್ಲ. ಹಣೆಯ ಮೇಲೆ ನೀರಿನ ಹನಿಗಳಿದ್ದವು, ಚಕ್ರದಿಂದ ಸಿಡಿದದ್ದು ಅಂದುಕೊಂಡೆ. ಕಣ್ಣು ತುಂಬಿಕೊಂಡು ಒಳಗೆ ಬಂದೆ. ಡೈರಿಯಲ್ಲಿ ಒಂದೂವರೆ ಪುಟ ಬರೆದೆ. 'ಜಗಳವಿಲ್ಲದ ಮನೆಯಲ್ಲಿ ಮನುಷ್ಯ ಮೆತ್ತಗಾಗುತ್ತಾನೆ. ಅಪ್ಪ ಬದಲಾಗಿದ್ದಾನೆ. ಅಮ್ಮ ಹೋಗಿದ್ದು ಇಬ್ಬರಿಗೂ ಒಳ್ಳೆಯದಾಯಿತು. ನಾನು ಮಾಡಿದ್ದು ತಪ್ಪಲ್ಲ.'

ಕೊನೆಯ ಸಾಲು ಬರೆಯಲು ಕಾರಣವಿತ್ತು. ಐದು ತಿಂಗಳ ಹಿಂದೆ ಅಮ್ಮನನ್ನು ಈ ಮನೆಯಿಂದ ಹೊರಡಿಸಿದವಳು ನಾನೇ. ಅವರಿಬ್ಬರೂ ಇಪ್ಪತ್ತೆಂಟು ವರ್ಷ ದಿನ ಬಿಡದೆ ಜಗಳವಾಡಿದ್ದರು. ಅಮ್ಮನ ಪ್ರೆಶರ್ ಏರಿ ಏರಿ ಕಳೆದ ವರ್ಷ ಒಂದು ಕಣ್ಣಿನೊಳಗೆ ನಾಳ ಒಡೆದು ರಕ್ತ ಇಳಿದಿತ್ತು. "ಕಣ್ಣಿಗೆ ಆಯ್ತು, ಪುಣ್ಯ. ಇನ್ನೊಂದ್ಸಲ ತಲೆಯೊಳಗೆ ಆದ್ರೆ ನಾನೇನೂ ಮಾಡೋಕಾಗಲ್ಲ" ಎಂದು ಡಾಕ್ಟರಮ್ಮ ಹೇಳಿದ್ದರು. ಆಗ ನಾನು ಎರಡು ತಿಂಗಳು ಅವರ ಜಗಳಗಳನ್ನು ಡೈರಿಯಲ್ಲಿ ಗುರುತು ಹಾಕಿದೆ. ತಾರೀಕು, ಗಂಟೆ, ವಿಷಯ, ಯಾರು ಶುರು ಮಾಡಿದರು. ಅರವತ್ತೊಂದು ದಿನದಲ್ಲಿ ಐವತ್ತೆಂಟು ಜಗಳ. ಶುರು ಮಾಡಿದವಳು ಹೆಚ್ಚುಕಡಿಮೆ ಪ್ರತಿ ಸಲವೂ ಅಮ್ಮ. ಗಂಟೆ ಹನ್ನೊಂದರ ಆಸುಪಾಸು. ಈ ಪಟ್ಟಿಯನ್ನು ಅವಳ ಮುಂದಿಟ್ಟು, "ನೋಡಮ್ಮ, ನಿನಗೇ ಇಲ್ಲಿ ಇರೋಕಾಗ್ತಿಲ್ಲ" ಎಂದಿದ್ದೆ. ಅವಳು ಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಮುಂದಿನ ವಾರ ಎರಡು ಬೀದಿಯಾಚೆ ಒಂದು ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹಿಡಿದು, ಅದೇ ಕಟ್ಟಡದ ಮಹಡಿಯ ಕೋಣೆಗೆ ಹೋದಳು. ಹೋಗುವಾಗ, "ಹನ್ನೊಂದಕ್ಕೆ ನಿಮ್ಮಪ್ಪಂಗೆ ತಿನ್ನೋಕೆ ಏನಾದ್ರೂ ಕೊಡು, ಮರೀಬೇಡ" ಎಂದಷ್ಟೇ ಹೇಳಿದಳು. ನಾನು ಮರೆತಿರಲಿಲ್ಲ. ದಿನವೂ ಹತ್ತೂಮುಕ್ಕಾಲಿಗೆ ಕೌಂಟರಿನ ಮೂಲೆಯಲ್ಲಿ ಬಿಸ್ಕತ್ತಿನ ತಟ್ಟೆ ಇಡುತ್ತಿದ್ದೆ. ಅವನು ತಿಂದನೋ ಇಲ್ಲವೋ ನೋಡುತ್ತಿರಲಿಲ್ಲ.

ಡೈರಿ ಮುಚ್ಚುವಾಗ ಹನ್ನೊಂದೂವರೆ. ಸಾಣೆಯ ಸದ್ದು ಇನ್ನೂ ಬರುತ್ತಿತ್ತು. ನಾನು ಬರೆಯಲು ಕೂತಾಗಿನಿಂದ ಅದು ಒಂದು ಸಲವೂ ನಿಂತಿರಲಿಲ್ಲ ಎನ್ನುವುದು ಆಗ ತಲೆಗೆ ಹೊಳೆಯಿತು. ಒಂದು ಗಾಜಿಗೆ ಅಷ್ಟು ಹೊತ್ತು ಬೇಡ.

"ಯಾರಿದ್ದೀರಾ ಒಳಗೆ?" ಅಂಗಡಿಯಿಂದ ಕೂಗು ಬಂತು. ಅಂಚೆಯಣ್ಣ. ಗಾಜು ಬಿರುಕು ಬಿಟ್ಟ ಕನ್ನಡಕವನ್ನು ಹಿಂದಿನ ದಿನ ಕೊಟ್ಟುಹೋಗಿದ್ದರು. "ಬೇಗ ಬನ್ರಮ್ಮಾ! ನಿಮ್ಮಪ್ಪ ನನ್ನ ಗಾಜನ್ನ ಕರಗಿಸಿಬಿಟ್ರು!"

ಓಡಿದೆ. ಅಪ್ಪ ಮೊದಲು ಕೂತಿದ್ದ ಹಾಗೆಯೇ ಕೂತಿದ್ದ, ತುಟಿಯಲ್ಲಿ ಸಣ್ಣ ನಗು. ಕೈಯಲ್ಲಿದ್ದ ಗಾಜು ಅಂಗಿಯ ಗುಂಡಿಯಷ್ಟಾಗಿತ್ತು. ಅದನ್ನು ಇನ್ನೂ ತಿರುಗಿಸುತ್ತಲೇ ಇದ್ದ. ಚಕ್ರದ ಕೆಳಗಿನ ತಟ್ಟೆಯಲ್ಲಿ ನೀರು ನಸುಗೆಂಪಾಗಿತ್ತು. ಗಾಜಿನ ಜೊತೆ ಹೆಬ್ಬೆರಳಿನ ತುದಿಯೂ ಚಕ್ರಕ್ಕೆ ತಾಗುತ್ತಿತ್ತು. ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

ಸ್ವಿಚ್ ಆರಿಸಿದೆ. "ಅಪ್ಪಾ!"

"ಆಯ್ತು."

"ಏಳಪ್ಪಾ, ಕೈ ನೋಡು."

"ಆಯ್ತು, ಆಯ್ತು." ಏಳಲಿಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮುಟ್ಟಿದರೆ ತಣ್ಣಗೆ, ಒದ್ದೆ.

ನನಗೆ ಗೊತ್ತಿರುವ ಒಂದೇ ನಂಬರಿಗೆ ಫೋನ್ ಮಾಡಿದೆ. ಆ ಕಡೆ ಮಕ್ಕಳ ಗಲಾಟೆ.

"ಅಮ್ಮ, ಅಪ್ಪ ಹೇಗೋ ಆಡ್ತಿದಾನೆ."

"ಹೇಗೆ? ಬೈತಿದಾರಾ?"

"ಇಲ್ಲಮ್ಮ. ಎಲ್ಲದಕ್ಕೂ ಆಯ್ತು ಅಂತಿದಾನೆ."

"ಒಪ್ಕೋತಿದಾರಾ? ಯಾವಾಗಿಂದ?"

"ಹನ್ನೊಂದು ಹತ್ತರಿಂದ."

"ಹನ್ನೊಂದು ಹತ್ತು! ಅಷ್ಟು ಸರಿಯಾಗಿ ಗೊತ್ತಿದ್ದೂ ಸುಮ್ನೆ ಕೂತಿದ್ಯಲ್ಲೇ! ಸಕ್ಕರೆ ಇಳಿದಿದೆ ಕಣೇ. ನಾಲ್ಕು ಚಮಚ ಸಕ್ಕರೆ, ಅರ್ಧ ಲೋಟ ನೀರು. ಕರೆದ್ರೆ ತಿರುಗಿ ನೋಡ್ತಾರಾ? ನುಂಗೋ ಹಾಗಿದ್ರೆ ಮಾತ್ರ ಕುಡಿಸು. ಕಣ್ಣು ಮುಚ್ಚಿದ್ರೆ ಬಾಯಿಗೇನೂ ಹಾಕ್ಬೇಡ, ಆಂಬುಲೆನ್ಸ್ ಕರಿ. ಬಂದೆ ನಾನು."

ಅಪ್ಪನಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಸಕ್ಕರೆ ಏರುವುದರ ಬಗ್ಗೆ ನಾನು ಬೇಕಾದಷ್ಟು ಓದಿದ್ದೆ. ಇಳಿಯುವುದು ನಮ್ಮ ಮನೆಯಲ್ಲಿ ಯಾವತ್ತೂ ನಡೆದೇ ಇಲ್ಲವೆಂದು ನಂಬಿದ್ದೆ.

ಮೊದಲ ಗುಟುಕು ಗಲ್ಲದ ಮೇಲೆ ಇಳಿದುಹೋಯಿತು. ಅಂಚೆಯಣ್ಣ ಚೀಲ ಬದಿಗಿಟ್ಟು ಅಪ್ಪನ ತಲೆ ಹಿಡಿದುಕೊಂಡರು. ಅವರ ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಕುಡೀರಿ ಸ್ವಾಮಿ. ಕನ್ನಡಕ ಇಲ್ದೆ ನಾನು ಈ ಬೀದಿ ಕಾಗದ ಆ ಬೀದಿಗೆ ಹಾಕಿ ಎಷ್ಟು ಸಂಸಾರ ಮುರೀಬೇಕು? ನುಂಗಿ. ಹಾಂ, ಇನ್ನೊಂದು."

ಎರಡನೆಯ ಗುಟುಕು ಗಂಟಲಿಗಿಳಿಯಿತು. ಮೂರನೆಯದೂ. ಗೋಡೆಯ ಗಡಿಯಾರದಲ್ಲಿ ಒಂಬತ್ತು ನಿಮಿಷ ಹೋಯಿತು. ನಾನು ಅವನ ಹೆಬ್ಬೆರಳಿಗೆ ಬಟ್ಟೆ ಒತ್ತಿಕೊಂಡು ನೆಲದ ಮೇಲೆ ಕೂತಿದ್ದೆ. ಕೊನೆಗೆ ಅಪ್ಪ ಹುಬ್ಬು ಗಂಟಿಕ್ಕಿದ.

"ಯಾರು ಯಂತ್ರ ಆಫ್ ಮಾಡಿದ್ದು? ಅಂಗಡಿ ಯಾರದ್ದು, ನಂದಾ ನಿಮ್ದಾ?"

"ಬಂದ್ರಪ್ಪಾ!" ಎಂದು ಅಂಚೆಯಣ್ಣ ಕುರ್ಚಿಗೆ ಕುಸಿದರು.

ಅಮ್ಮ ಬಂದಳು, ಶಿಶುವಿಹಾರದ ಏಪ್ರನ್ನಿನಲ್ಲೇ, ಅದರ ಮೇಲೆ ಯಾವುದೋ ಮಗುವಿನ ಬಣ್ಣದ ಕೈಗುರುತು. ಐದು ತಿಂಗಳಾದ ಮೇಲೆ ಗಂಡನನ್ನು ನೋಡುತ್ತಿದ್ದಾಳೆ. ಹೇಗಿದ್ದೀರಿ ಅನ್ನಲಿಲ್ಲ. ಕೌಂಟರಿನ ಮೇಲೆ ಬೆರಳೆಳೆದು, "ಇದನ್ನ ಒರೆಸಿ ಎಷ್ಟು ದಿನ ಆಯ್ತು? ಇಲ್ಲಿ ಕನ್ನಡಕ ಮಾಡ್ತೀರೋ, ಧೂಳು ಸಾಕ್ತೀರೋ?" ಎಂದಳು.

"ನಿನ್ನ ಹಾಗೆ ಎದ್ದು ಹೋಗೋಕೆ ನಂಗೆ ಪುರುಸೊತ್ತಿಲ್ಲ. ಕೆಲಸ ಮಾಡೋ ಜಾಗದಲ್ಲಿ ಧೂಳು ಇರತ್ತೆ."

ಅಮ್ಮನ ಹೆಗಲು ಇಳಿಯಿತು. ನೆಮ್ಮದಿಯಿಂದ ಇಳಿಯಿತು. ಅದನ್ನು ನಾನು ಮೊದಲ ಸಲ ನೋಡಿದೆ; ಅವನು ತಿರುಗಿ ಬೈದಾಗ ಅವಳ ಮುಖಕ್ಕೆ ಬಂದ ಆ ಸಮಾಧಾನವನ್ನು. ಅದೆಷ್ಟು ವರ್ಷ ನನ್ನ ಕಣ್ಣೆದುರೇ ಇತ್ತೋ.

ಅಡುಗೆಮನೆಯಲ್ಲಿ ಕೇಳಿದೆ. "ಅಮ್ಮ, ನೀನು ಬೇಕೂಂತಲೇ ಜಗಳ ತೆಗೀತಿದ್ಯಾ?"

ಅವಳು ನೀರು ಕುಡಿದು ಲೋಟ ಬೋರಲು ಹಾಕಿದಳು. "ಸಕ್ಕರೆ ಇಳಿಯೋದು ನಿಮ್ಮಪ್ಪಂಗೆ ಗೊತ್ತಾಗಲ್ಲ. ನಡುಕ ಇಲ್ಲ, ಹಸಿವಿಲ್ಲ. ಮೆತ್ತಗಾಗಿಬಿಡ್ತಾರೆ, ಅಷ್ಟೆ. ಹೊರಗಿನೋರು ನೋಡಿದ್ರೆ ಎಷ್ಟು ಒಳ್ಳೇವ್ರು ಅನ್ಬೇಕು. ಬೆಳಗಿನ ಸೂಜಿ ಹನ್ನೊಂದರ ಹೊತ್ತಿಗೆ ಜೋರು. ಹೋಗಿ ಏನೋ ಒಂದು ಕೊಂಕು ಮಾತಾಡ್ತಿದ್ದೆ. ಎಗರಿಬಿದ್ರೆ ಸರಿ ಇದಾರೆ. ಸುಮ್ನಿದ್ರೆ ಶರಬತ್ತು."

ಆ ಶರಬತ್ತು. ಅಪ್ಪ ಜಗಳದಲ್ಲಿ ಸೋತ ದಿನ ಅಮ್ಮ ಲೋಟ ತಂದುಕೊಡುತ್ತಿದ್ದಳು. ರಾಜಿಯ ಶರಬತ್ತು ಅಂದುಕೊಂಡಿದ್ದೆ. ಡೈರಿಯಲ್ಲೂ ಹಾಗೆಯೇ ಬರೆದಿದ್ದೆ.

"ಹಾಗಾದ್ರೆ ಎಲ್ಲಾ ನಾಟಕನಾ?"

"ನಾಟಕ ಆಗಿದ್ರೆ ನನ್ನ ಪ್ರೆಶರ್ ಯಾಕೆ ಏರ್ತಿತ್ತು?" ಅವಳು ನಗಲಿಲ್ಲ. "ಬೇಕೂಂತ ಶುರು ಮಾಡ್ತಿದ್ದೆ. ಅವರು ಒಂದು ಮಾತು ಅಂದ ಮೇಲೆ ನಿಜವಾಗ್ಲೂ ರೇಗ್ತಿತ್ತು. ಯಾವುದು ಬೇಕೂಂತ, ಯಾವುದು ನಿಜ, ನಂಗೇ ಲೆಕ್ಕ ತಪ್ಪಿಹೋಗಿತ್ತು."

"ಪಟ್ಟಿ ತೋರಿಸಿದಾಗಲಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ನನ್ನನ್ನ ಕಳಿಸ್ತಿದ್ಯಾ?" ಅವಳು ಮುಖ ತಿರುಗಿಸಿದಳು. "ನಂಗೂ ಸಾಕಾಗಿತ್ತು ಕಣೆ. ತಿಂಡಿ ಕೊಟ್ರೆ ನಡೆಯತ್ತೆ ಅಂದ್ಕೊಂಡೆ. ಅಂದ್ಕೋಬೇಕೂಂತ ಅಂದ್ಕೊಂಡೆ."

ಪ್ರೆಶರ್ ನೋಡುವ ಯಂತ್ರ ತಂದು ಅವಳ ತೋಳಿಗೆ ಪಟ್ಟಿ ಸುತ್ತಿದೆ. ಭಾನುವಾರ ಅವಳ ಕೋಣೆಯಲ್ಲಿ ನೋಡಿದಾಗ ನೂರ ಇಪ್ಪತ್ತೆಂಟಿತ್ತು. ಈಗ ನೂರ ಅರವತ್ತೆಂಟು.

"ಓಡಿ ಬಂದೆ, ಅದಕ್ಕೆ," ಎಂದಳು. ಅರ್ಧ ಗಂಟೆ ಕೂರಿಸಿ ಮತ್ತೆ ನೋಡಿದೆ. ನೂರ ಅರವತ್ತನಾಲ್ಕು. ಅಷ್ಟು ಹೊತ್ತೂ ಅವಳ ಕಿವಿ ಅಂಗಡಿಯ ಕಡೆಗೇ ಇತ್ತು, ಅಪ್ಪ ಯಾರನ್ನಾದರೂ ಬೈಯುತ್ತಿದ್ದಾನೋ ಎಂದು.

"ಶುಕ್ರವಾರದೊಳಗೆ ಅಲ್ಲಿ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ ಅಂತೀನಿ. ಶುಕ್ರವಾರ ಮಧ್ಯಾಹ್ನ ಬ್ಯಾಗ್ ತಗೊಂಡು ಬರ್ತೀನಿ. ನೀನು ನಿನ್ನ ಕೆಲಸಕ್ಕೆ ಹೋಗು."

"ನಿನ್ನ ಕಣ್ಣು? ಡಾಕ್ಟರಮ್ಮ ಹೇಳಿದ್ದು?"

"ನೀನು ಇವತ್ತು ನೋಡಿದ್ಯಲ್ಲ, ಅವರ ಬೆರಳನ್ನ."

ಅಮ್ಮ ಬಂದರೆ ಅವಳಿಗೆ ಅಪಾಯ, ಬಾರದಿದ್ದರೆ ಅವನಿಗೆ. ಅಂಕಿಅಂಶ ಓದಿದ ನನಗೆ ಈ ಲೆಕ್ಕ ಬಿಡಿಸಲು ಬರಲಿಲ್ಲ. ಕೈಯಲ್ಲಿ ಮೂರು ದಿನ.

ಬುಧವಾರ ಅಪ್ಪನನ್ನು ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಅವರು ಬೆಳಗಿನ ಇನ್ಸುಲಿನ್ ಎರಡು ಯೂನಿಟ್ ಇಳಿಸಿದರು. "ಇಷ್ಟು ಸಾಲದು. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡ್ಕೋಬೇಕು. ಹನ್ನೊಂದು ಗಂಟೆದಂತೂ ತಪ್ಪಿಸೋ ಹಾಗೇ ಇಲ್ಲ."

"ಬೆಳಗ್ಗೆ ಎದ್ದ ಕೂಡ್ಲೇ ಒಂದ್ಸಲ ನೋಡ್ತೀನಲ್ಲ."

"ಬೆಳಗಿನದು ಬೆಳಗಿಗೆ. ಇಷ್ಟು ದಿನ ಹೇಗೆ ನಡೀತು ಅನ್ನೋದೇ ನಂಗೆ ಆಶ್ಚರ್ಯ."

"ಇವಳಮ್ಮ ನೋಡ್ಕೋತಿದ್ಲು," ಎಂದ ಅಪ್ಪ, ಏನು ನೋಡಿಕೊಳ್ಳುತ್ತಿದ್ದಳು ಎಂದು ತಿಳಿಯದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಜೊತೆಗೊಬ್ಬಳು ಹೆಂಡತಿ ಇದ್ರೆ ಗಂಡಸರು ನಾಲ್ಕು ದಿನ ಹೆಚ್ಚು ಬದುಕ್ತಾರೆ ಅಂತ ನಮ್ಮ ಪುಸ್ತಕಗಳಲ್ಲೂ ಬರೀತಾರೆ. ಹೆಂಡತಿಗೆ ಏನಾಗತ್ತೆ ಅನ್ನೋದನ್ನ ಅಷ್ಟು ಜೋರಾಗಿ ಬರೆಯಲ್ಲ. ಅವಳ ಫೈಲೂ ಇಲ್ಲೇ ಇದೆ ಯಜಮಾನ್ರೇ, ಓದ್ಲಾ?"

ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ. ದಾರಿಯಲ್ಲಿ ನನಗೆ ಹೇಳಿದ, "ಚುಚ್ಚಿದ ಬೆರಳು ಅರ್ಧ ದಿನ ಕಿವುಡಾಗತ್ತೆ ಕಣೇ ಗುಸುಗುಸು. ಅಂಚು ಗೊತ್ತಾಗಲ್ಲ. ನಾಲ್ಕು ಸಲ ಚುಚ್ಕೊಂಡ್ರೆ ನಾನೂ ಆ ನಾಲ್ಕು ಅಂಗಡಿಯವರ ಹಾಗೇ. ಹೇಗೂ ಶುಕ್ರವಾರ ಅವಳು ಬರ್ತಾಳಲ್ಲ."

ಮನೆಗೆ ಬಂದವನೇ ಬೀರುವಿನಲ್ಲಿ ಅಮ್ಮ ಬಟ್ಟೆ ಇಡುತ್ತಿದ್ದ ಅರೆಯಲ್ಲಿ ತುಂಬಿಟ್ಟಿದ್ದ ಹಳೆ ಫ್ರೇಮುಗಳ ಡಬ್ಬಗಳನ್ನು ಹೊರಗೆ ತೆಗೆದ. ಅರೆಯನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದ. ನಾನು ನೋಡುತ್ತಿದ್ದೇನೆಂದು ತಿಳಿದಾಗ, "ಧೂಳು" ಎಂದ. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಅವಳು ಬರುವುದು ಅವನಿಗೆ ಬೇಕಾಗಿತ್ತು.

ಗುರುವಾರ ಹತ್ತೂವರೆಯಿಂದಲೇ ಅವನ ಎದುರು ಸ್ಟೂಲು ಹಾಕಿಕೊಂಡು ಕೂತೆ. ಹನ್ನೊಂದಾಯಿತು. ಈಗ ನಾನು ಅಮ್ಮನ ಕೆಲಸ ಮಾಡಬೇಕು. ಹೊಸದಾಗಿ ಬಂದಿದ್ದ ಒಂದು ಹಸಿರು ಫ್ರೇಮು ಎತ್ತಿ ಹಿಡಿದೆ.

"ಅಪ್ಪಾ, ಇದು… ಇದು ಚೆನ್ನಾಗಿಲ್ಲ."

"ಏನು? ಜೋರಾಗಿ ಹೇಳು."

"ಏನಿಲ್ಲ ಬಿಡು. ಚೆನ್ನಾಗೇ ಇದೆ."

ಅವನು ತಲೆ ತಗ್ಗಿಸಿ ಗಾಜು ಉಜ್ಜತೊಡಗಿದ. ಇದನ್ನು ಜಗಳ ಅನ್ನಲಾಗದು. ಐದು ನಿಮಿಷ ಬಿಟ್ಟು ಬಿಸ್ಕತ್ತು ತಿಂತೀಯಾ ಎಂದು ಕೇಳಿದೆ. "ಹೂಂ" ಎಂದ. ಅಡುಗೆಮನೆಗೆ ಹಾರಿ, ಸಕ್ಕರೆ ನೀರು ಕಲಸಿ, ದಾರಿಯಲ್ಲಿ ಅರ್ಧ ಚೆಲ್ಲಿ, ಅವನ ಬಾಯಿಗೇ ಹಿಡಿದೆ.

"ಥೂ! ತಲೆ ಕೆಟ್ಟಿದೆಯೇನೇ? ಮನುಷ್ಯ ಬಿಸ್ಕತ್ತಿಗೆ ಹೂಂ ಅನ್ನೋ ಹಾಗೂ ಇಲ್ವಾ ಈ ಮನೇಲಿ?"

ಬೈದ. ಸರಿ ಇದ್ದಾನೆ. ಅಲ್ಲೇ ಗೋಡೆಗೊರಗಿ ಕೂತೆ. ಒಂದೇ ದಿನಕ್ಕೆ ನನಗೆ ಹೀಗಾದರೆ, ಅಮ್ಮ ಹದಿನಾಲ್ಕು ವರ್ಷ ಪ್ರತಿದಿನ ಈ ಬಾಗಿಲಲ್ಲಿ ನಿಂತು ಅವನ ಒಂದೊಂದು 'ಹೂಂ'ಗೂ ಕಿವಿಗೊಟ್ಟಿದ್ದಳು.

ಶುಕ್ರವಾರ ಬೆಳಗ್ಗೆ ಅಮ್ಮ ಫೋನ್ ಮಾಡಿದಳು. ಹನ್ನೆರಡಕ್ಕೆ ಹೊರಡುತ್ತಾಳೆ. "ಪ್ರೆಶರ್ ನೋಡ್ಕೊಂಡ್ಯಾ?" ಎಂದೆ. "ಇಲ್ಲಿ ಬ್ಯಾಗು ಮುಚ್ಚೋದೇ ದೊಡ್ಡ ಕೆಲಸ ಆಗಿದೆ," ಎಂದು ಮಾತು ಹಾರಿಸಿದಳು. ನೋಡಿಕೊಂಡಿದ್ದಾಳೆ, ಹೇಳುವ ಹಾಗಿಲ್ಲ ಅಂತ ಅರ್ಥ.

ಹನ್ನೊಂದಕ್ಕೆ ನಾನು ಅಂಗಡಿಗೆ ಹೋದೆ. ಅಂಚೆಯಣ್ಣ ಹೊಸ ಗಾಜು ಹಾಕಿಸಿಕೊಳ್ಳಲು ಬಂದು ಕೂತಿದ್ದರು. ಹೊರಗಿನವರ ಮುಂದೆ ನಾನು ಕೆಮ್ಮುವುದೂ ಇಲ್ಲ. ಸಕ್ಕರೆ ನೋಡುವ ಪುಟ್ಟ ಯಂತ್ರವನ್ನು ಕೌಂಟರಿನ ಮೇಲಿಟ್ಟೆ.

"ಕೈ ಕೊಡು."

"ಆಮೇಲೆ. ಗಿರಾಕಿ ಇದಾರೆ."

"ಈಗ."

"ನಿಮ್ಮಮ್ಮ ಬರ್ತಾಳಲ್ಲೇ, ಇನ್ನೇನು ನಿಂದು…"

"ಅಮ್ಮ ಬರಬಾರದು!"

ಆ ಕೂಗು ನನ್ನದೇ ಎಂದು ತಿಳಿಯಲು ನನಗೆ ಕ್ಷಣ ಹಿಡಿಯಿತು. ಅಂಚೆಯಣ್ಣ ಕುರ್ಚಿಯಲ್ಲಿ ನೆಟ್ಟಗಾದರು.

"ಏನಂದೆ?" ಅಪ್ಪ ತಲೆಯೆತ್ತಿದ.

"ಅಮ್ಮ ಬಂದ್ರೆ ಸಾಯ್ತಾಳೆ. ಊರಿನವರ ಕಣ್ಣೆಲ್ಲ ನೋಡ್ತೀಯ, ಅವಳ ಕಣ್ಣೊಳಗೆ ರಕ್ತ ಇಳಿದಿದ್ದು ಕಾಣಿಸ್ಲಿಲ್ವಾ? ದಿನಾ ಹನ್ನೊಂದಕ್ಕೆ ಯಾಕೆ ನಿನ್ನ ಹತ್ರ ಜಗಳಕ್ಕೆ ಬರ್ತಿದ್ಲು ಗೊತ್ತಾ? ನಿನ್ನ ಸಕ್ಕರೆ ನೋಡೋಕೆ! ನೀನು ಬೈದ್ರೆ ಬದುಕಿದೀಯ ಅಂತ! ನೀನು ಬೆರಳು ಚುಚ್ಕೊಳ್ಳೋ ಬದ್ಲು ಅವಳು ತನ್ನ ತಲೆ ಒಡ್ಕೊಂಡ್ಲು, ಹದಿನಾಲ್ಕು ವರ್ಷ!"

"ಬಾಯಿ ಮುಚ್ಚು! ಯಾರು ಹೇಳಿದ್ದು ನಿಂಗೆ ಈ ಕತೆ?"

"ಅವಳೇ!"

"ಸುಳ್ಳು! ಜಗಳ ಆಡೋದು ಅವಳ ಹುಟ್ಟು ಗುಣ. ಯಂತ್ರ ತಗೊಂಡು ಒಳಗೆ ಹೋಗು. ನನ್ನ ಅಂಗಡೀಲಿ ನಿಂತು ನಂಗೇ…"

"ಹೋಗಲ್ಲ! ಮಂಗಳವಾರ ನನ್ನನ್ನ ಪುಟ್ಟ ಅಂದೆ. ನಾನು ಒಳಗೆ ಹೋಗಿ ಖುಷಿಯಿಂದ ಅಳ್ತಾ ಕೂತಿದ್ದೆ. ನೀನಿಲ್ಲಿ ಬೆರಳು ಉಜ್ಕೊಂಡು ಸಾಯ್ತಿದ್ದೆ!"

ಅಪ್ಪನ ಕೈಯಲ್ಲಿದ್ದ ಫ್ರೇಮು ಕೌಂಟರಿಗೆ ಬಿತ್ತು. ಬಾಯಿ ತೆರೆದ. ನಾನು ಮುಂದಿನ ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡೆ. ಬರಲಿಲ್ಲ. ಬಟ್ಟೆ ಸುತ್ತಿದ ಹೆಬ್ಬೆರಳನ್ನು ನೋಡುತ್ತ ಕೂತ. ಚಕ್ರದಿಂದ ಒಂದೊಂದೇ ಹನಿ ತಟ್ಟೆಗೆ ಬೀಳುತ್ತಿತ್ತು.

"ಹಾಗಾದ್ರೆ ಇಷ್ಟು ವರ್ಷ ನಾನು ಗೆದ್ದ ಜಗಳಗಳೆಲ್ಲ?" ಎಂದ, ಬಹಳ ಮೆಲ್ಲಗೆ.

ಬಿದ್ದ ಫ್ರೇಮನ್ನು ಎತ್ತಿ ಬದಿಗಿಟ್ಟ.

"ಚುಚ್ಕೋತೀನಿ. ದಿನಾ ಚುಚ್ಕೋತೀನಿ. ಅವಳು ಬರೋದು ಬೇಡ."

ಒಪ್ಪಿಬಿಟ್ಟ. ಗಂಟೆ ಹನ್ನೊಂದು ಹತ್ತಾಗಿತ್ತು. ಹಣೆಯಲ್ಲಿ ಬೆವರು. ಅದು ಕೂಗಾಡಿದ ಬೆವರೋ, ಮಂಗಳವಾರದ ಬೆವರೋ? ಅಂಚೆಯಣ್ಣ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಸಕ್ಕರೆ ತರ್ಲಾ?" ಎಂದು ಅವರು ತುಟಿಯಲ್ಲೇ ಕೇಳಿದರು.

ಅಪ್ಪನ ಎಡಗೈ ಎಳೆದುಕೊಂಡೆ. ಅವನ ಕೆಲಸಕ್ಕೆ ಬೇಡದ ಬೆರಳು ಯಾವುದೆಂದು ನೋಡಿ, ಕಿರುಬೆರಳಿನ ಪಕ್ಕಕ್ಕೆ, ತುದಿಗೆ ತಾಗದ ಹಾಗೆ ಸೂಜಿ ಒತ್ತಿದೆ. ಮೊದಲ ಹನಿ ಯಂತ್ರದ ಪಟ್ಟಿಗೆ ತಾಗದೆ ಜಾರಿತು. ಎರಡನೆಯ ಹನಿ ಹಿಂಡಬೇಕಾಯಿತು. ಯಂತ್ರ ಐದರಿಂದ ಕೆಳಕ್ಕೆ ಎಣಿಸತೊಡಗಿತು. ನನ್ನ ಜೀವನದ ಅತಿ ಉದ್ದದ ಐದು ಎಣಿಕೆ.

"ಎಷ್ಟು?" ಅಪ್ಪ ಕೇಳಿದ.

"ನೂರ ಹದಿನೆಂಟು."

"ಹಾಗಿದ್ರೆ ಒಪ್ಪಿದ್ದು ನಾನೇ," ಎಂದ.

ಹನ್ನೆರಡೂಕಾಲಿಗೆ ಅಮ್ಮ ಗಾಜಿನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಬ್ಯಾಗು, ಮುಖ ಕೆಂಪು. ನಾನು ಅಡ್ಡ ನಿಂತು ಯಂತ್ರದ ನಂಬರ್ ತೋರಿಸಿ, ನಡೆದದ್ದೆಲ್ಲ ಹೇಳಿದೆ. ಅವಳು ನಂಬರನ್ನು ನೋಡಿದಳು, ಅಪ್ಪನನ್ನು ನೋಡಿದಳು. ನಂಬಿಕೆ ಬರಲಿಲ್ಲ. ಹೊಸ್ತಿಲ ಆಚೆಯಿಂದಲೇ, "ಆ ಅಕ್ಷರದ ಹಲಗೆ ಸೊಟ್ಟಗಿದೆ. ಬಂದೋರಿಗೆ ಕಣ್ಣು ಸರಿ ಇದ್ರೂ ಕೆಟ್ಟಿದೆ ಅನ್ಸತ್ತೆ," ಎಂದಳು.

"ಸೊಟ್ಟಗಿರೋದು ನಿನ್ನ ಕತ್ತು!" ಅಪ್ಪ ಧಡಕ್ಕನೆ ಎದ್ದ. "ಇಪ್ಪತ್ತು ವರ್ಷದಿಂದ ನೆಟ್ಟಗಿರೋ ಹಲಗೆ…" ಅಲ್ಲಿಗೆ ನಿಲ್ಲಿಸಿಬಿಟ್ಟ. ಕಷ್ಟಪಟ್ಟು ನಿಲ್ಲಿಸಿದ, ಕುತ್ತಿಗೆಯ ನರ ಉಬ್ಬಿದ್ದು ಕಾಣುತ್ತಿತ್ತು. ಕೌಂಟರ್ ದಾಟಿ ಬಂದು, ಗಿರಾಕಿಗಳ ಕಣ್ಣು ನೋಡುವ ಪುಟ್ಟ ಟಾರ್ಚ್ ಹಿಡಿದು, "ಮೇಲೆ ನೋಡು" ಎಂದ.

ಅಮ್ಮ ಮೇಲೆ ನೋಡಿದಳು.

"ಕೆಳಗೆ. ಈ ಕಡೆ. ಒಳಗಿಂದು ನಂಗೆ ಕಾಣಲ್ಲ, ಡಾಕ್ಟರಮ್ಮನ ಹತ್ರ ತೋರ್ಸು. ಇವತ್ತೇ." ಟಾರ್ಚ್ ಆರಿಸಿದ. "ಬ್ಯಾಗ್ ಒಳಗೆ ತರ್ಬೇಡ."

"ತರಲ್ಲ. ದಿನಾ ಹನ್ನೊಂದಕ್ಕೆ ನಂಬರ್ ಕಳಿಸಿ. ನಂಗೂ, ಕೆಲಸಕ್ಕೆ ಹೋದ ಮೇಲೆ ಇವಳಿಗೂ."

"ಯಾಕೆ ಕಳ್ಸಲಿ?"

"ಕಳಿಸದಿದ್ರೆ ಬರ್ತೀನಿ."

"ಬೆದರಿಕೆನಾ?"

"ಹೂಂ."

ಅಂಚೆಯಣ್ಣ ಗಂಟಲು ಸರಿಮಾಡಿಕೊಂಡರು. "ನನ್ನ ಗಾಜು ಯಾವಾಗ ಅಂತ ಕೇಳ್ಬಹುದಾ, ಅಥವಾ ಇನ್ನೂ ಒಂದು ಜಗಳ ಬಾಕಿ ಇದ್ಯಾ?"

ಅಪ್ಪ ಸಾಣೆಯ ಮುಂದೆ ಹೋಗಿ ಕೂತ. ಅಮ್ಮ ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದಳು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಅರ್ಧ ಬೀದಿಯಲ್ಲಿ ಒಮ್ಮೆ ನಿಂತು ಬ್ಯಾಗನ್ನು ಬಲಗೈಯಿಂದ ಎಡಗೈಗೆ ಬದಲಿಸಿದಳು. ಗೋಡೆಗೆ ಕೈ ಕೊಟ್ಟಳು. ಮೂರೋ ನಾಲ್ಕೋ ಉಸಿರು. ಮತ್ತೆ ನಡೆದಳು.

"ಮೂಲೆ ತಿರುಗಿದ್ಲಾ?" ಹಿಂದಿನಿಂದ ಅಪ್ಪ ಕೇಳಿದ. ಚಕ್ರ ಇನ್ನೂ ಶುರುವಾಗಿರಲಿಲ್ಲ.

"ಈಗ ತಿರುಗಿದ್ಲು."

"ಅಷ್ಟು ಬೇಗ ನಡೀಬಾರ್ದು ಅವಳು," ಎಂದ. "ಫೋನ್ ಮಾಡಿ ಹೇಳು. ನಾನು ಹೇಳಿದೆ ಅನ್ಬೇಡ."